ಔಷಧ ಕೊಟ್ಟು ಮಾಡುವ ಹೃದಯ ಪರೀಕ್ಷೆ: ತೊಂದರೆಯಾದರೆ ಸುಮ್ಮನಿರಬೇಡಿ



ಎದೆನೋವೆಂದು ಬಂದವರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಇ.ಸಿ.ಜಿ. ತೆಗೆಯುವುದು ನಿಮಗೆ ಗೊತ್ತು. ಸಾಗರ, ಹೊಸನಗರ, ತೀರ್ಥಹಳ್ಳಿಯ ಕಡೆ ತೋಟದ ಏರು ಹತ್ತಿಳಿದು ಮಂಡಿ ಸವೆದ ಹಿರಿಯರಿಗೆ ಅದು ಆಗದ ಮಾತು. ಅಂಥವರನ್ನು ಮಲಗಿಸಿ, ಔಷಧ ಕೊಟ್ಟು ಹೃದಯವನ್ನು ಪರೀಕ್ಷಿಸುತ್ತಾರೆ.

ಇದರಲ್ಲಿ ಎರಡು ಬಗೆ. ಡೋಬ್ಯುಟಮಿನ್ ಔಷಧವನ್ನು ಸುಮಾರು 3 ನಿಮಿಷಕ್ಕೊಮ್ಮೆ ಹೆಚ್ಚಿಸುತ್ತ ರಕ್ತನಾಳಕ್ಕೆ ಕೊಟ್ಟು, ಬಡಿತ ಏರಿಸಿ, ಎಕೋ ನೋಡುವುದು ಒಂದು. ಅಡೆನೊಸಿನ್‌ನಂಥ ಔಷಧದಿಂದ ಹೃದಯದ ರಕ್ತನಾಳ ಹಿಗ್ಗಿಸಿ, ರಕ್ತ ಎಲ್ಲಿ ಕಡಿಮೆ ಹರಿಯುತ್ತದೆಂದು ಸ್ಕ್ಯಾನ್ ಮಾಡುವುದು ಇನ್ನೊಂದು.

ಎದೆ ಡವಡವ, ನಡುಕ, ಮುಖ ಬಿಸಿಯಾಗುವುದು, ತಲೆನೋವು ಹಲವರಿಗೆ ಆಗುತ್ತವೆ. ಔಷಧ ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತವೆ. ಆದರೆ ಅಪರೂಪಕ್ಕೆ ಬಡಿತ ತಾಳ ತಪ್ಪಬಹುದು, ಬಿ.ಪಿ. ಕುಸಿಯಬಹುದು, ಹೃದಯಾಘಾತವೂ ಆಗಬಹುದು. 2013ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅಡೆನೊಸಿನ್, ರೆಗಡೆನೊಸನ್ ಬಗ್ಗೆ ಈ ಎಚ್ಚರಿಕೆ ನೀಡಿತು. ವಿಶ್ರಾಂತಿಯಲ್ಲೂ ಎದೆನೋವು ಬರುತ್ತಿರುವವರಿಗೆ ಇವು ಅಪಾಯ. ಆದ್ದರಿಂದಲೇ ಪರೀಕ್ಷೆಯುದ್ದಕ್ಕೂ ಇ.ಸಿ.ಜಿ., ಬಿ.ಪಿ. ನೋಡುತ್ತಿರಬೇಕು; ತೊಂದರೆ ಇಳಿಸುವ ಔಷಧ ಪಕ್ಕದಲ್ಲೇ ಇರಬೇಕು.

ಇನ್ನು ನಿಮ್ಮ ಪಾಲಿನ ಕೆಲಸ. ದಮ್ಮು ಮಳೆಗಾಲದಲ್ಲಿ ಮಾತ್ರ ಬರುವುದಾದರೂ ಮೊದಲೇ ಹೇಳಿ. ಅಡೆನೊಸಿನ್‌ನಿಂದ ಉಸಿರುನಾಳ ಬಿಗಿಯಬಹುದು. ನುಂಗುವ ಎಲ್ಲ ಮಾತ್ರೆಗಳನ್ನೂ ತಂದು ತೋರಿಸಿ. ಕಾಫಿ, ಚಹಾ, ದಮ್ಮಿನ ಡೆರಿಫಿಲಿನ್ ಮಾತ್ರೆ ಅಡೆನೊಸಿನ್ ಕೆಲಸವನ್ನು ತಡೆಯುತ್ತವೆ. ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆಗಳು ಡೋಬ್ಯುಟಮಿನ್‌ನಿಂದ ಬಡಿತ ಏರಲು ಬಿಡುವುದಿಲ್ಲ. ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನು ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ನಮ್ಮ ಕಡೆಯವರಿಗೆ ಸಂಕೋಚ ಹೆಚ್ಚು. "ಡಾಕ್ಟರಿಗೆ ಯಾಕೆ ತೊಂದ್ರೆ, ಇನ್ನೊಂಚೂರು ತಡ್ಕಂಡ್ರಾತು" ಎಂದು ಹಲ್ಲು ಕಚ್ಚಿ ಮಲಗಬೇಡಿ. ಎದೆ ಹಿಂಡಿದರೆ, ಕಣ್ಣು ಕತ್ತಲೆ ಬಂದರೆ, ಉಸಿರು ಕಟ್ಟಿದರೆ ಆ ಕ್ಷಣವೇ ಹೇಳಿ. ಯಂತ್ರ ಬಡಿತವನ್ನು ತೋರಿಸುತ್ತದೆ, ನಿಮ್ಮ ನೋವನ್ನು ತೋರಿಸುವುದಿಲ್ಲ.

ಒಮ್ಮೆ ತೊಂದರೆಯಾಯಿತೆಂದು ಹೆದರಿ ಚಿಕಿತ್ಸೆಯನ್ನೇ ಬಿಡಬೇಡಿ. ಪರೀಕ್ಷೆಯಲ್ಲಿ ಬಂದ ಎದೆನೋವು ಒಳಗಿನ ಕಾಯಿಲೆಯ ಸುಳಿವೂ ಆಗಿರಬಹುದು. ಯಾವ ಔಷಧ ಕೊಟ್ಟರು, ಏನಾಯಿತು ಎಂದು ಬರೆಸಿಕೊಂಡು ಆ ಚೀಟಿ ಜೋಪಾನ ಮಾಡಿ. ವೈದ್ಯರು ಅದನ್ನು ನೋಡಿ ಬೇರೆ ದಾರಿ ಹುಡುಕುತ್ತಾರೆ.

ಜೊತೆಗೆ ಬಂದವರಿಗೆ ಒಂದು ಮಾತು. ಊರಿಗೆ ಹೋಗುವ ದಾರಿಯಲ್ಲಿ ಮತ್ತೆ ಎದೆನೋವು ಬಂದರೆ, ಮನೆ ಮುಟ್ಟಿದ ಮೇಲೆ ನೋಡೋಣ ಎನ್ನಬೇಡಿ. 108ಕ್ಕೆ ಫೋನ್ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ.