ಒಂದು ಲೋಟ ಕಾಫಿಯ ಹಣ ಯಾರಿಗೆ ಸೇರುತ್ತದೆ?



ಅಂಗಡಿಗೆ ಹೋಗಿ ಕಾಲು ಕಿಲೋ ಕಾಫಿ ಪುಡಿ ತರುತ್ತೀರಿ. ಚಿಕೋರಿ ಬೆರೆಸಿದ ಪುಡಿಯಾದರೆ ಎಷ್ಟು ಭಾಗ ಕಾಫಿ, ಎಷ್ಟು ಭಾಗ ಚಿಕೋರಿ ಎಂದು ಪೊಟ್ಟಣದ ಮೇಲೆ ಅಚ್ಚಾಗಿರುತ್ತದೆ. ಆದರೆ ನೀವು ಕೊಟ್ಟ ಹಣದಲ್ಲಿ ಎಷ್ಟು ಪಾಲು ಅದನ್ನು ಬೆಳೆದವನ ಕೈಗೆ ಹೋಯಿತು ಎಂಬುದು ಎಲ್ಲಿಯೂ ಬರೆದಿರುವುದಿಲ್ಲ. ಈ ಪ್ರಶ್ನೆಯನ್ನು ಬೆನ್ನಟ್ಟಿ ಹೊರಟವರು ಕಟ್ಟಿದ ಪದ್ಧತಿಗೆ ‘ಫೇರ್ ಟ್ರೇಡ್’ ಎಂದು ಹೆಸರು. ನಾವು ಅದನ್ನು ನ್ಯಾಯಯುತ ವ್ಯಾಪಾರ ಎನ್ನಬಹುದು.

ಮೊದಲು ದೂರದ ಮೆಕ್ಸಿಕೋ ದೇಶಕ್ಕೆ ಹೋಗೋಣ. ಅಲ್ಲಿನ ವಹಾಕಾ ಪ್ರಾಂತ್ಯದ ಬೆಟ್ಟಗಳಲ್ಲಿ ಮೂಲನಿವಾಸಿ ಜನ ಸಣ್ಣ ಸಣ್ಣ ತೋಟಗಳಲ್ಲಿ ಕಾಫಿ ಬೆಳೆಯುತ್ತಾರೆ. ನಲವತ್ತೈದು ವರ್ಷಗಳ ಹಿಂದೆ ಅವರ ಊರುಗಳಿಗೆ ಸರಿಯಾದ ರಸ್ತೆ ಇರಲಿಲ್ಲ. ದಲ್ಲಾಳಿ ತಾನೇ ಬರುತ್ತಿದ್ದ, ತನ್ನ ತಕ್ಕಡಿಯಲ್ಲಿ ತೂಗುತ್ತಿದ್ದ, ತಾನು ಹೇಳಿದ ಬೆಲೆಗೆ ಒಯ್ಯುತ್ತಿದ್ದ. ಕೊಯ್ಲಿಗೆ ಮುಂಚಿನ ತಿಂಗಳುಗಳಲ್ಲಿ ಮನೆಯಲ್ಲಿ ಕಾಳು ಮುಗಿದಾಗ ಮುಂಗಡ ಕೊಡುತ್ತಿದ್ದವನೂ ಅವನೇ. ಹೀಗಾಗಿ ಹಣ್ಣು ಗಿಡದಲ್ಲಿರುವಾಗಲೇ ಬೆಳೆ ಅವನದಾಗಿರುತ್ತಿತ್ತು. ಜನ ಅವನನ್ನು ‘ಕೊಯೋಟೆ’ ಎಂದು ಕರೆಯುತ್ತಿದ್ದರು. ಅದು ತೋಳದ ಜಾತಿಯ ಒಂದು ಪ್ರಾಣಿಯ ಹೆಸರು.

1980ರ ದಶಕದ ಆರಂಭದಲ್ಲಿ ಈ ಬೆಳೆಗಾರರು ಒಂದು ಸಂಘ ಕಟ್ಟಿದರು. ಅದರ ಹೆಸರು ‘ಉಸಿರಿ’. ನಮ್ಮ ಕಿವಿಗೆ ಕನ್ನಡದ ಪದದಂತೆಯೇ ಕೇಳಿಸುತ್ತದೆ, ಅಲ್ಲವೆ? ಕಾಫಿಯನ್ನು ಒಟ್ಟುಗೂಡಿಸಿ ತಾವೇ ಹೊರದೇಶಕ್ಕೆ ಮಾರುವುದು ಅವರ ಉದ್ದೇಶ. ಅವರ ನಡುವೆ ಕೆಲಸ ಮಾಡುತ್ತಿದ್ದ ಫ್ರಾನ್ಸ್ ವಾನ್ ಡರ್ ಹಾಫ್ ಎಂಬ ಡಚ್ ಪಾದ್ರಿ, ಹಾಲೆಂಡಿನ ನಿಕೋ ರೋಜೆನ್ ಅವರೊಡನೆ ಸೇರಿ ಒಂದು ದಾರಿ ಹುಡುಕಿದರು. ದಾನ ಬೇಡ, ಸರಿಯಾದ ಬೆಲೆ ಬೇಕು ಎಂಬುದು ಬೆಳೆಗಾರರ ಮಾತು. 1988ರ ನವೆಂಬರಿನಲ್ಲಿ ಹಾಲೆಂಡಿನ ಸಾಮಾನ್ಯ ಅಂಗಡಿಗಳಲ್ಲಿ ಒಂದು ಮುದ್ರೆಯುಳ್ಳ ಕಾಫಿ ಪೊಟ್ಟಣ ಕಾಣಿಸಿಕೊಂಡಿತು. ಮುದ್ರೆಯ ಹೆಸರು ‘ಮ್ಯಾಕ್ಸ್ ಹಾವೆಲಾರ್’. ಅದು 1860ರಲ್ಲಿ ಪ್ರಕಟವಾದ ಡಚ್ ಕಾದಂಬರಿಯೊಂದರ ಹೆಸರು; ಡಚ್ಚರ ಆಳ್ವಿಕೆಯಲ್ಲಿ ಜಾವಾದ ರೈತರು ಪಟ್ಟ ಪಾಡು ಅದರ ವಸ್ತು.

ಮರುವರ್ಷವೇ ಪರೀಕ್ಷೆ ಬಂತು. ಅದುವರೆಗೆ ಅಂತರರಾಷ್ಟ್ರೀಯ ಕಾಫಿ ಒಪ್ಪಂದವೊಂದು ಪ್ರತಿ ದೇಶದ ರಫ್ತಿಗೆ ಮಿತಿ ಹಾಕಿ, ಪೌಂಡಿಗೆ 1.20ರಿಂದ 1.40 ಡಾಲರಿನ ಆಸುಪಾಸಿನಲ್ಲಿ ಬೆಲೆಯನ್ನು ಹಿಡಿದಿಡಲು ಯತ್ನಿಸುತ್ತಿತ್ತು. 1989ರ ಜುಲೈನಲ್ಲಿ ಆ ಮಿತಿ ಮುರಿದುಬಿತ್ತು, ಬೆಲೆ ಕುಸಿಯಿತು. ರಾಗಿ ಬೆಳೆದವನು ಮುಂದಿನ ವರ್ಷ ಜೋಳ ಬಿತ್ತಬಹುದು. ಕಾಫಿ ಗಿಡ ಫಸಲಿಗೆ ಬರುವುದಕ್ಕೇ ಮೂರು ನಾಲ್ಕು ವರ್ಷ ಬೇಕು. ಬೆಲೆ ಬಿತ್ತೆಂದು ಗಿಡ ಕಿತ್ತರೆ, ಬೆಲೆ ಏರಿದಾಗ ಕೈಯಲ್ಲಿ ಏನೂ ಇರುವುದಿಲ್ಲ.

ಫೇರ್ ಟ್ರೇಡಿನ ಮುಖ್ಯ ನಿಯಮ ಇಲ್ಲಿಯೇ ಹುಟ್ಟುವುದು. ಪೇಟೆ ಎಷ್ಟೇ ಬೀಳಲಿ, ಖರೀದಿದಾರ ಒಂದು ಕನಿಷ್ಠ ಬೆಲೆ ಕೊಡಲೇಬೇಕು. ಪೇಟೆ ಅದಕ್ಕಿಂತ ಮೇಲಿದ್ದರೆ ಪೇಟೆಯ ಬೆಲೆ. ಇದರ ಮೇಲೆ ‘ಪ್ರೀಮಿಯಂ’ ಎಂಬ ಇನ್ನೊಂದು ಮೊತ್ತವಿದೆ. ಅದು ಸಂಘಕ್ಕೆ ಹೋಗುತ್ತದೆ. ಪಲ್ಪರ್ ಕೊಳ್ಳುವುದೋ, ಶಾಲೆಗೆ ಕೊಡುವುದೋ, ಸದಸ್ಯರು ಸಭೆ ಸೇರಿ ತೀರ್ಮಾನಿಸುತ್ತಾರೆ. ಸಂಘ ಕೇಳಿದರೆ ಒಪ್ಪಂದದ ಮೌಲ್ಯದ ಶೇಕಡ 60ರವರೆಗೆ ಮುಂಗಡ ಒದಗಿಸಬೇಕೆಂಬ ನಿಯಮವೂ ಉಂಟು. ನನಗೆ ಇದೇ ಬಹಳ ಮುಖ್ಯವಾಗಿ ಕಾಣುತ್ತದೆ, ಏಕೆಂದರೆ ದಲ್ಲಾಳಿಯ ಶಕ್ತಿಯೆಲ್ಲ ಇದ್ದದ್ದು ಅವನು ಕೊಡುವ ಮುಂಗಡದಲ್ಲಿ.

ಲೆಕ್ಕ ಹಾಕಿ ನೋಡಿ. 2001ರಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿಗೂ ಕೆಳಗಿಳಿಯಿತು. ಫೇರ್ ಟ್ರೇಡಿನ ಕನಿಷ್ಠ ಬೆಲೆ ಆಗ 1.21 ಡಾಲರ್, ಪ್ರೀಮಿಯಂ 5 ಸೆಂಟ್, ಒಟ್ಟು 1.26 ಡಾಲರ್. ಒಬ್ಬ ಬೆಳೆಗಾರ 500 ಕಿಲೋ, ಎಂದರೆ ಸುಮಾರು 1,100 ಪೌಂಡ್, ಕಾಫಿ ಬೆಳೆದನೆನ್ನಿ. 50 ಸೆಂಟಿನಂತೆ 550 ಡಾಲರ್. ಸಂಘದ ದಾರಿಯಲ್ಲಿ 1,386 ಡಾಲರ್. ಆದರೆ ಇದು ಬಂದರಿನಲ್ಲಿ ಹಡಗಿಗೆ ಏರಿಸುವಾಗಿನ ಬೆಲೆ, ತೋಟದ ಬಾಗಿಲಿನ ಬೆಲೆಯಲ್ಲ. ಇದರಿಂದ ಸಂಸ್ಕರಣೆ, ಸಾಗಣೆ, ಸಂಘದ ಖರ್ಚು ಕಳೆದು ಉಳಿದದ್ದು ಬೆಳೆಗಾರನಿಗೆ. ಸಂಘ ಚೆನ್ನಾಗಿ ನಡೆದರೆ ಲಾಭ. ಸೋಮಾರಿ ಸಂಘವಾದರೆ ಯಾವ ಮುದ್ರೆಯೂ ಅವನನ್ನು ಕಾಯುವುದಿಲ್ಲ. 2023ರ ಆಗಸ್ಟಿನಲ್ಲಿ ತೊಳೆದ ಅರೇಬಿಕಾದ ಕನಿಷ್ಠ ಬೆಲೆಯನ್ನು 1.80 ಡಾಲರಿಗೆ ಏರಿಸಲಾಯಿತು. ಪ್ರೀಮಿಯಂ 20 ಸೆಂಟ್.

ಇದು ನಮ್ಮ ನಾಡಿಗೆ ಸಂಬಂಧಿಸದ ಮಾತೆಂದು ತಿಳಿಯಬೇಡಿ. ದೇಶದ ಕಾಫಿಯಲ್ಲಿ ಹತ್ತರಲ್ಲಿ ಏಳು ಪಾಲು ಬೆಳೆಯುವುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಬೆಳೆಗಾರರಲ್ಲಿ ಬಹುಪಾಲು ಹತ್ತು ಹೆಕ್ಟೇರಿಗಿಂತ ಕಡಿಮೆ ತೋಟವಿರುವವರು. ಹಿಂದೆ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಬೇಕಿತ್ತು, ಹಣ ಕಂತುಕಂತಾಗಿ ಬರುತ್ತಿತ್ತು. ಆ ವ್ಯವಸ್ಥೆಯನ್ನು ಹಂತಹಂತವಾಗಿ ಸಡಿಲಿಸಿ 1996ರಲ್ಲಿ ಪೂರ್ತಿ ಕೈಬಿಡಲಾಯಿತು. ಸ್ವಾತಂತ್ರ್ಯವೇನೋ ಬಂತು. ಜೊತೆಗೆ ಮೂಡಿಗೆರೆಯ, ಸೋಮವಾರಪೇಟೆಯ ಸಣ್ಣ ಬೆಳೆಗಾರನೂ ನ್ಯೂಯಾರ್ಕ್, ಲಂಡನ್ ಪೇಟೆಗಳ ಏರಿಳಿತಕ್ಕೆ ನೇರವಾಗಿ ಸಿಕ್ಕಿಕೊಂಡ. 2001ರ ಕುಸಿತ ಇಲ್ಲಿಯೂ ತಟ್ಟಿತು.

ಹಾಗಾದರೆ ಮುದ್ರೆ ನೋಡಿ ಕೊಂಡರೆ ಸಾಕೆ? ಸಾಲದು. ಮುದ್ರೆ ಪಡೆಯಲು ಸಂಘ ಶುಲ್ಕ ಕಟ್ಟಬೇಕು, ಲೆಕ್ಕ ಬರೆದಿಡಬೇಕು, ತಪಾಸಣೆಗೆ ಒಳಗಾಗಬೇಕು. ಅಷ್ಟಾದರೂ ಕೊಳ್ಳುವವರು ಸಾಕಷ್ಟಿಲ್ಲದಿದ್ದರೆ ಬೆಳೆಯ ಒಂದು ಪಾಲು ಸಾಮಾನ್ಯ ಬೆಲೆಗೇ ಹೋಗುತ್ತದೆ. ಆದ್ದರಿಂದಲೇ ಕೊಳ್ಳುವ ನಿಮ್ಮ ಆಯ್ಕೆಗೆ ಬೆಲೆಯಿದೆ. ಬೆಲೆ ಏರಿದಾಗ ತೊಂದರೆ ಬೇರೆ ಬಗೆಯದು. 2025ರ ಫೆಬ್ರವರಿಯಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರು ದಾಟಿತು. ಅಂಥ ಕಾಲದಲ್ಲಿ ಕನಿಷ್ಠ ಬೆಲೆಗೆ ಅರ್ಥವೇ ಇರುವುದಿಲ್ಲ. ದಲ್ಲಾಳಿ ಕೈಮೇಲೆ ನಗದು ಇಟ್ಟರೆ ಸದಸ್ಯನೇ ಸಂಘವನ್ನು ಬಿಟ್ಟು ಅವನಿಗೆ ಮಾರುತ್ತಾನೆ. ಅವನನ್ನು ದೂರುವುದು ಹೇಗೆ? ಆದರೆ ಮುಂದೊಂದು ದಿನ ಬೆಲೆ ಬಿದ್ದಾಗ ಆ ಸಂಘ ಉಳಿದಿರಬೇಕಲ್ಲ!

ಇನ್ನು ಹಣ್ಣು ಬಿಡಿಸುವ ಕೂಲಿಯವರ ಮಾತು. ಸಣ್ಣ ಬೆಳೆಗಾರನೂ ಕೊಯ್ಲಿನಲ್ಲಿ ಆಳು ಕರೆಯುತ್ತಾನೆ. ಲಂಡನ್ ವಿಶ್ವವಿದ್ಯಾಲಯದ ಸೋವಾಸ್ ಸಂಸ್ಥೆಯ ಸಂಶೋಧಕರು ಇಥಿಯೋಪಿಯಾ, ಉಗಾಂಡಾಗಳಲ್ಲಿ ಅಧ್ಯಯನ ನಡೆಸಿ, ಮುದ್ರೆಯಿರುವ ಕಡೆಗಳಲ್ಲಿ ಕೂಲಿಯವರ ಸ್ಥಿತಿ ಉತ್ತಮವಾಗಿರಲಿಲ್ಲ ಎಂದು 2014ರಲ್ಲಿ ವರದಿ ಮಾಡಿದರು. ದೊಡ್ಡ ಎಸ್ಟೇಟುಗಳ ಕಾಫಿಗೂ ಮುದ್ರೆ ಕೊಟ್ಟರೆ ಕೂಲಿಯವರಿಗೆ ನೆರವಾದೀತೆಂದು ವಾದಿಸಿದ ಅಮೆರಿಕದ ಶಾಖೆ 2011ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟದಿಂದ ಹೊರಬಂದಿತು. ಎಸ್ಟೇಟುಗಳೊಡನೆ ಪೈಪೋಟಿ ನಡೆಸಿ ಸಣ್ಣವರು ಉಳಿಯಲಾರರೆಂಬುದು ಒಕ್ಕೂಟದ ಉತ್ತರ. ಅಲ್ಲಿ ಕಾಫಿಯ ಮುದ್ರೆ ಇಂದಿಗೂ ಸಣ್ಣ ಬೆಳೆಗಾರರ ಸಂಘಗಳಿಗೆ ಮಾತ್ರ.