ಕಲ್ಲಿನ ಗೆರೆ, ನೀರಿನ ಗೆರೆ

ಕೋಪ ಬಾರದ ಮನುಷ್ಯನಿಲ್ಲ. ಬಂದ ಕೋಪ ಎಷ್ಟು ಕಾಲ ಒಳಗೆ ಉಳಿಯುತ್ತದೆ ಎಂಬುದೇ ಪ್ರಶ್ನೆ. ಸಾವಿರ ವರ್ಷಗಳ ಹಿಂದೆಯೇ ಇದಕ್ಕೊಂದು ಅಳತೆಗೋಲು ಕೊಟ್ಟವರು ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು. ಶ್ರವಣಬೆಳಗೊಳದಲ್ಲಿ 58 ಅಡಿ ಎತ್ತರದ ಬಾಹುಬಲಿ ಮೂರ್ತಿಯನ್ನು ಮಾಡಿಸಿದ ಗಂಗರ ಮಂತ್ರಿ ಚಾವುಂಡರಾಯನಿಗೆ ಗುರುಗಳಾಗಿದ್ದವರು ಇವರು.

ತಮ್ಮ ಪ್ರಾಕೃತ ಗ್ರಂಥ 'ಗೊಮ್ಮಟಸಾರ'ದಲ್ಲಿ ಅವರು ಕೋಪವನ್ನು ನಾಲ್ಕು ಗೆರೆಗಳಿಗೆ ಹೋಲಿಸುತ್ತಾರೆ. ಕಲ್ಲಿನ ಗೆರೆ, ನೆಲದ ಗೆರೆ, ಧೂಳಿನ ಗೆರೆ, ನೀರಿನ ಗೆರೆ. ಹೂವು ತೆಗೆದ ಮೇಲೂ ಬುಟ್ಟಿಯಲ್ಲಿ ಪರಿಮಳ ಉಳಿಯುವಂತೆ, ಕೋಪ ಇಳಿದ ಮೇಲೂ ಅದರ ಕಹಿ ಉಳಿಯುತ್ತದೆ. ಹೀಗೆ ಉಳಿಯುವ ಅವಧಿಗೆ 'ವಾಸನಾಕಾಲ' ಎಂದು ಹೆಸರು. ಅತಿ ಹಗುರವಾದ ಕೋಪ 48 ನಿಮಿಷದೊಳಗೆ ಅಳಿಸಿಹೋಗುತ್ತದೆ. ಮುಂದಿನದು ಒಂದು ಪಕ್ಷ, ಅದರ ಮುಂದಿನದು ಆರು ತಿಂಗಳು ಇರುತ್ತದೆ. ಕಡೆಯದು ಜನ್ಮಜನ್ಮಾಂತರಕ್ಕೂ ಬೆನ್ನು ಬಿಡದು.

ಬಾಹುಬಲಿಯ ಕಥೆಯ ತಿರುಳೂ ಇದೇ. ಅಣ್ಣ ಭರತನನ್ನು ಆತ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಗೆದ್ದ. ಸೋತ ಭರತ ಚಕ್ರವನ್ನೇ ಪ್ರಯೋಗಿಸಿದ. ಅದು ತಮ್ಮನಿಗೆ ಕೇಡು ಮಾಡಲಿಲ್ಲ. ಬಾಹುಬಲಿ ರಾಜ್ಯವನ್ನು ಆ ಗಳಿಗೆಯಲ್ಲೇ ತೊರೆದು ತಪಸ್ಸಿಗೆ ನಿಂತ. ವರ್ಷ ಕಳೆಯಿತು, ಮೈಗೆ ಬಳ್ಳಿ ಹಬ್ಬಿತು, ಆದರೂ ಕೇವಲಜ್ಞಾನ ಒದಗಲಿಲ್ಲ. ತಾನು ನಿಂತ ನೆಲ ಅಣ್ಣನದು ಎಂಬ ಕೊರಗು ಒಳಗೆ ಉಳಿದಿತ್ತೆಂದು ನಾಡಿನಲ್ಲಿ ಹೇಳುತ್ತಾರೆ. ಭರತ ಬಂದು ನಮಿಸಿದಾಗ ಅದು ಕರಗಿತು. ರಾಜ್ಯ ಬಿಡಲು ಗಳಿಗೆ ಸಾಕಾಯಿತು, ಕೊರಗು ಬಿಡಲು ವರ್ಷ ಬೇಕಾಯಿತು.

ಆದರೆ ಎಲ್ಲರ ಪಾಲಿಗೂ ಭರತ ಬರುವುದಿಲ್ಲ. ನೋಯಿಸಿದವರು ತೀರಿಕೊಂಡಿರಬಹುದು, ತಪ್ಪನ್ನೇ ಒಪ್ಪದಿರಬಹುದು. ಆಗ ಏನು ಮಾಡಬೇಕು? ಜೈನರ ಕ್ಷಮಾಪ್ರಾರ್ಥನೆಯ ಕ್ರಮದಲ್ಲೇ ಉತ್ತರವಿದೆ. ಅಲ್ಲಿ ಮೊದಲು ಎಲ್ಲ ಜೀವಿಗಳನ್ನೂ ಕ್ಷಮಿಸಿ, ಆಮೇಲೆ ಅವುಗಳಿಂದ ಕ್ಷಮೆ ಬೇಡುವುದು. ಎದುರಿನವರು ಬಾಯಿ ಬಿಡಲೆಂದು ಕಾಯುವ ಮಾತೇ ಇಲ್ಲ.

ಭಾದ್ರಪದದಲ್ಲಿ ದಿಗಂಬರರು ಆಚರಿಸುವ ಹತ್ತು ದಿನಗಳ ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಗೆ ಮೀಸಲು. ಪರ್ವ ಮುಗಿದ ಮೇಲೆ ಕ್ಷಮಾವಣಿಯಂದು ಹಿರಿಯರು ಕಿರಿಯರೆನ್ನದೆ ಪರಸ್ಪರ ಕ್ಷಮೆ ಕೇಳುತ್ತಾರೆ. ಶ್ವೇತಾಂಬರರು ಸಂವತ್ಸರಿಯಂದು 'ಮಿಚ್ಛಾಮಿ ದುಕ್ಕಡಂ' ಎನ್ನುತ್ತಾರೆ. ಮಾಡಿದ ತಪ್ಪು ನಿಷ್ಫಲವಾಗಲಿ ಎಂದು ಅದರ ಅರ್ಥ. ಹಳೆಯ ಕಹಿ ಹೊಸ ವರ್ಷಕ್ಕೆ ದಾಟದಂತೆ ಹಾಕಿದ ಕಟ್ಟೆ ಇದು.

ಹಾಗೆಂದು ಕ್ಷಮೆಯೆಂದರೆ ಅನ್ಯಾಯವನ್ನು ಸರಿಯೆಂದು ಒಪ್ಪುವುದಲ್ಲ, ಮತ್ತೆ ಪೆಟ್ಟು ತಿನ್ನಲು ಹೋಗಿ ನಿಲ್ಲುವುದೂ ಅಲ್ಲ. ಗೃಹಸ್ಥನಿಗೆ ಆತ್ಮರಕ್ಷಣೆಯನ್ನು ಜೈನಧರ್ಮ ನಿಷೇಧಿಸಿಲ್ಲ, ಚಾವುಂಡರಾಯನೇ ದಂಡನಾಯಕನಾಗಿದ್ದ. ನ್ಯಾಯ ಕೇಳಬೇಕಾದಲ್ಲಿ ಕೇಳಲೇಬೇಕು. ಕಹಿಯನ್ನು ಮಾತ್ರ ಹೊತ್ತು ತಿರುಗಬೇಕಾಗಿಲ್ಲ.

ಕಲ್ಲಿನ ಗೆರೆ ಒಂದೇ ದಿನದಲ್ಲಿ ನೀರಿನ ಗೆರೆಯಾಗದು. ಈ ವರ್ಷ ಆರು ತಿಂಗಳು ಕಾಡಿದ್ದು ಮುಂದಿನ ವರ್ಷ ಹದಿನೈದು ದಿನಕ್ಕೆ ಇಳಿದರೆ, ಅದೇ ದೊಡ್ಡ ಸಾಧನೆ.