ತಂತ್ರಾಂಶದ ತಪ್ಪು: ಸಣ್ಣದೋ, ದೊಡ್ಡದೋ?



ಗಣಕಯಂತ್ರದಲ್ಲಿ ನೀವು ಕನ್ನಡದ ಕಡತವೊಂದನ್ನು ತೆರೆದಿರಿ ಎನ್ನಿ. ಒತ್ತಕ್ಷರಗಳು ತಮ್ಮ ಜಾಗದಲ್ಲಿ ಕೂರದೆ ಚೆಲ್ಲಾಪಿಲ್ಲಿಯಾಗಿವೆ. ನಿಮ್ಮ ಪಾಲಿಗೆ ಆ ತಂತ್ರಾಂಶ ಕೆಲಸಕ್ಕೆ ಬಾರದ್ದು. ಅದರ ಉಸ್ತುವಾರಿ ಹೊತ್ತವರು ದೂರದ ಜರ್ಮನಿಯಲ್ಲೋ ಬ್ರೆಜಿಲ್‌ನಲ್ಲೋ ಇದ್ದಾರೆ. ಅವರ ಪರದೆಯ ಮೇಲೆ ಎಲ್ಲವೂ ಸರಿಯಾಗಿದೆ. 'ಇದು ಸಣ್ಣ ತಪ್ಪು' ಎನ್ನುತ್ತಾರೆ ಅವರು. ಯಾರ ಮಾತು ನಡೆಯಬೇಕು? ಕಂಪನಿಯಾದರೆ ಮೇಲಧಿಕಾರಿ ಹೇಳಿದ್ದೇ ಕೊನೆ. ಸ್ವಂತ ಇಷ್ಟದಿಂದ ದುಡಿಯುವವರ ಕೂಟದಲ್ಲಿ ಏನು ಗತಿ?

1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಡೆಬಿಯನ್ ಅಂಥದೊಂದು ಕೂಟ. ಹಲವು ದೇಶಗಳ ಸ್ವಯಂಸೇವಕರು ಸೇರಿ ಕಟ್ಟುತ್ತಿರುವ ಕಾರ್ಯಾಚರಣ ವ್ಯವಸ್ಥೆ ಇದು. (2023ರಲ್ಲಿ ಇವರ ವಾರ್ಷಿಕ ಸಮ್ಮೇಳನ ನಮ್ಮ ನೆರೆಯ ಕೊಚ್ಚಿಯಲ್ಲಿಯೇ ನಡೆಯಿತು.) ಇಲ್ಲಿ ತಪ್ಪುಗಳ ತೀವ್ರತೆಗೆ ಏಳು ಮೆಟ್ಟಿಲುಗಳಿವೆ: ಕ್ರಿಟಿಕಲ್, ಗ್ರೇವ್, ಸೀರಿಯಸ್, ಇಂಪಾರ್ಟೆಂಟ್, ನಾರ್ಮಲ್, ಮೈನರ್, ವಿಶ್‌ಲಿಸ್ಟ್. ಪ್ರತಿಯೊಂದಕ್ಕೂ ಬರೆದಿಟ್ಟ ವ್ಯಾಖ್ಯೆ ಉಂಟು. ಒಂದು ತಂತ್ರಾಂಶ ಇಡೀ ಯಂತ್ರವನ್ನೇ ಕೆಡಿಸಿದರೆ ಕ್ರಿಟಿಕಲ್. ಆ ತಂತ್ರಾಂಶವೇ ಬಹುಮಟ್ಟಿಗೆ ನಿರುಪಯುಕ್ತವಾದರೆ ಗ್ರೇವ್. ಬಳಕೆಗೆ ಭಾರಿ ಅಡ್ಡಿಯಾದರೂ ಎಲ್ಲರಿಗೂ ಪೂರ್ತಿ ನಿರುಪಯುಕ್ತವಾಗದಿದ್ದರೆ ಇಂಪಾರ್ಟೆಂಟ್.

'ಎಲ್ಲರಿಗೂ' ಎಂಬ ಮಾತನ್ನು ಗಮನಿಸಿ. ನಮ್ಮ ಒತ್ತಕ್ಷರದ ತಕರಾರು ಅಲ್ಲಿಯೇ ಬಗೆಹರಿಯುತ್ತದೆ. ಇಂಗ್ಲಿಷ್ ಓದುಗನಿಗೆ ಆ ತಂತ್ರಾಂಶ ನಡೆಯುತ್ತದೆ, ಆದ್ದರಿಂದ ಗ್ರೇವ್ ಅಲ್ಲ. ಕನ್ನಡ ಓದುಗನಿಗೆ ಭಾರಿ ಅಡ್ಡಿ, ಆದ್ದರಿಂದ ಮೈನರ್ ಕೂಡ ಅಲ್ಲ. ಅದರ ಜಾಗ ಇಂಪಾರ್ಟೆಂಟ್.

ಇಷ್ಟು ಸ್ಪಷ್ಟವಿದ್ದರೂ ಜಗಳ ಏಕೆ? ಮೇಲಿನ ಮೂರು ಮೆಟ್ಟಿಲಿನ ತಪ್ಪುಗಳು ಹೊಸ ಆವೃತ್ತಿಯ ಬಿಡುಗಡೆಗೆ ಅಡ್ಡ ನಿಲ್ಲುತ್ತವೆ; ಸರಿಪಡಿಸದಿದ್ದರೆ ಆ ತಂತ್ರಾಂಶವನ್ನೇ ಕೈಬಿಡಬಹುದು. ಹಾಗಾಗಿ ಬಳಸುವವನು ಗಮನ ಸೆಳೆಯಲೆಂದು ಮೇಲಕ್ಕೇರಿಸುತ್ತಾನೆ, ಉಸ್ತುವಾರಿಯವರು ಕೆಳಗಿಳಿಸುತ್ತಾರೆ. ಡೆಬಿಯನ್ನಿನಲ್ಲಿ ಒಂದು ಇ-ಮೇಲ್ ಕಳಿಸಿ ಯಾರು ಬೇಕಾದರೂ ಇದನ್ನು ಬದಲಿಸಬಹುದು. ಹಗ್ಗಜಗ್ಗಾಟಕ್ಕೆ ಬೇರೆ ಕಾರಣ ಬೇಕೆ?

ಇನ್ನೊಂದು ಗೊಂದಲವೂ ಇದೆ. ತೀವ್ರತೆ ಎಂದರೆ ಆದ ಹಾನಿಯ ಅಳತೆ. ರಿಪೇರಿಯ ದಿನಾಂಕ ಅಲ್ಲ. ಉಸ್ತುವಾರಿಯವರು 'ಹೌದು, ಇದು ಇಂಪಾರ್ಟೆಂಟ್' ಎಂದು ಒಪ್ಪಿಯೂ ಸುಮ್ಮನಿರಬಹುದು. ಯಾರ ಮೇಲೂ ಕೆಲಸದ ಹೊರೆ ಹೊರಿಸುವಂತಿಲ್ಲ ಎಂದು 1998ರಲ್ಲಿ ಅಂಗೀಕರಿಸಿದ ಡೆಬಿಯನ್ ಸಂವಿಧಾನವೇ ಹೇಳುತ್ತದೆ. ಆದರೆ ನಿಯಮದಂತೆ ಆದ ತೀರ್ಮಾನಗಳಿಗೆ ಅಡ್ಡಗಾಲು ಹಾಕುವಂತಿಲ್ಲ ಎಂದೂ ಅದು ಹೇಳುತ್ತದೆ.

ಮಾತುಕತೆಯಲ್ಲಿ ಬಗೆಹರಿಯದಿದ್ದರೆ ಮುಂದೇನು? ಒಂದು ತಪ್ಪನ್ನು ಇಟ್ಟುಕೊಂಡೇ ಈ ಸಲ ಬಿಡುಗಡೆ ಮಾಡಬಹುದೇ ಎಂಬುದನ್ನು ಬಿಡುಗಡೆಯ ಹೊಣೆ ಹೊತ್ತ ತಂಡ ತೀರ್ಮಾನಿಸುತ್ತದೆ. ಅದರಾಚೆ, ಹೆಚ್ಚೆಂದರೆ ಎಂಟು ಜನರ ತಾಂತ್ರಿಕ ಸಮಿತಿಯಿದೆ. ಬೇರೆಲ್ಲ ದಾರಿ ಮುಗಿದ ಮೇಲಷ್ಟೇ ಅದು ತೀರ್ಪು ಕೊಡುವುದು. ಉಸ್ತುವಾರಿಯವರ ನಿರ್ಧಾರವನ್ನು ತಳ್ಳಿಹಾಕಲು ಅಲ್ಲಿ ಬರಿಯ ಬಹುಮತ ಸಾಲದು, ಒಂದಕ್ಕೆ ಮೂರರಷ್ಟು ಮತ ಬೇಕು. ಇದು ಜಾಣತನದ ನಿಯಮ ಎಂದು ನನಗನಿಸುತ್ತದೆ. ದಿನವೂ ಮೈಮುರಿದು ದುಡಿಯುವವನ ಮಾತನ್ನು ಹೊರಗಿನವರು ಸುಲಭವಾಗಿ ಅಳಿಸುವಂತಾದರೆ, ನಾಳೆ ಅವನು ಕೆಲಸಕ್ಕೇ ಬರಲಿಕ್ಕಿಲ್ಲ. ಸಮಿತಿಯೂ ಸರ್ವಾಧಿಕಾರಿಯಲ್ಲ, ಎಲ್ಲ ಸದಸ್ಯರ ಮತದಾನ ಅದರ ತೀರ್ಪನ್ನೂ ಬದಲಿಸಬಹುದು.

ನೀವು ನಾಳೆ ಒಂದು ತಪ್ಪನ್ನು ವರದಿ ಮಾಡಲು ಕುಳಿತರೆ 'ತುಂಬಾ ಗಂಭೀರ' ಎಂದು ಬರೆದು ಬಿಡಬೇಡಿ. ಯಾವ ಆವೃತ್ತಿ, ಯಾವ ಫಾಂಟ್, ಯಾವ ಪದ ಹೇಗೆ ಕಾಣಬೇಕಿತ್ತು, ಹೇಗೆ ಕಂಡಿತು ಎಂಬುದನ್ನು ತಿಳಿಸಿ. ಪರದೆಯ ಚಿತ್ರವನ್ನೂ ಜೊತೆಗಿಡಿ, ಕನ್ನಡ ಓದಲಾರದವರಿಗೆ ವ್ಯತ್ಯಾಸ ಕಣ್ಣಿಗೆ ಕಾಣುವಂತೆ. ವ್ಯಾಖ್ಯೆಯ ಯಾವ ಮಾತಿಗೆ ಅದು ಹೊಂದುತ್ತದೆ ಎಂದು ಸೂಚಿಸಿ. ನಿಮಗೆ ಪ್ರೋಗ್ರಾಮ್ ಬರೆಯಲು ಬರುತ್ತಿದ್ದರೆ ತಿದ್ದುಪಡಿಯನ್ನೂ ಕಳಿಸಿಕೊಡಿ. ಆಗ ಮೆಟ್ಟಿಲಿನ ಚರ್ಚೆಯೇ ಅನೇಕ ವೇಳೆ ಬೇಕಾಗುವುದಿಲ್ಲ.